ಶಾಯಿ ಹೋದ ಮೇಲೆ ಉಳಿದ ಲೆಕ್ಕ

2005ರ ಜೂನ್‌ನಲ್ಲಿ ನಾನು ಹತ್ತನೇ ಕ್ಲಾಸು ಫೇಲಾದೆ. ಗಣಿತ ಒಂದರಲ್ಲೇ. ಆಗ ಕುರ್ಲಾದ ಒಂದು ಉಡುಪಿ ಹೋಟೆಲ್‌ನಲ್ಲಿ ಕೆಲಸ, ಸಂಜೆ ಲೋಕಲ್ ಹಿಡಿದು ಫೋರ್ಟ್‌ನ ಕನ್ನಡ ರಾತ್ರಿಶಾಲೆಗೆ ಓಟ. ಹೋಟೆಲ್ ಹುಡುಗರು ಓದಲಿ ಅಂತ ಸ್ವಾತಂತ್ರ್ಯಕ್ಕೂ ಮೊದಲೇ ಮುಂಬೈಯಲ್ಲಿ ನಮ್ಮವರು ಇಂಥ ಶಾಲೆ ಕಟ್ಟಿದ್ದರು. ಅಲ್ಲಿ ಕಲಿತು ಮೇಲೆ ಬಂದವರ ಕಥೆ ಕೇಳಿಯೇ ಅಮ್ಮ ನನ್ನನ್ನು ಕಳಿಸಿದ್ದಳು. ಅವಳಿಗೆ ಫೋನ್ ಮಾಡಲು ನನಗೆ ನಾಲ್ಕು ದಿನ ಬೇಕಾಯಿತು.

ಅಕ್ಟೋಬರ್‌ಗೆ ಮತ್ತೆ ಪರೀಕ್ಷೆ ಕಟ್ಟಿದೆ. ಅಷ್ಟರಲ್ಲಿ ಜುಲೈ 26 ಬಂತು. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಮೀಠಿ ನದಿ ಉಕ್ಕಿ ಹೋಟೆಲ್ ಒಳಗೇ ಬಂತು. ರಾತ್ರಿಯಿಡೀ ನಾವು ಏಳು ಜನ ಅಟ್ಟದ ಮೇಲೆ ಕೂತಿದ್ದೆವು, ಕೆಳಗೆ ಕತ್ತಲಲ್ಲಿ ಅಕ್ಕಿ ಡಬ್ಬಗಳು ಒಂದಕ್ಕೊಂದು ತಾಗುವ ಸದ್ದು. ನನ್ನ ಟ್ರಂಕೂ ಕೆಳಗೇ ಇತ್ತು.

ಆಗೋದೆಲ್ಲ ಒಳ್ಳೇದಕ್ಕೆ ಅಂತಾರಲ್ವಾ, ಆ ಮಾತು ನನಗೆ ಆಗುವುದಿಲ್ಲ. ಆ ಮಳೆಯಲ್ಲಿ ನೂರಾರು ಜನ ಸತ್ತರು. ಅದರಿಂದ ಯಾರಿಗೂ ಒಳ್ಳೇದಾಗಲಿಲ್ಲ. ನಾನು ಹೇಳುತ್ತಿರುವುದು ನನ್ನ ಫೇಲಿನ ಮಾತು ಮಾತ್ರ.

ನೀರಿಳಿದು ಒಲೆ ಹೊತ್ತಿದ ದಿನ, ದೋಸೆ ಕಾವಲಿಯ ಅಂಚಿನಲ್ಲಿ ನೋಟ್‌ಬುಕ್ಕನ್ನು ಹಾಳೆ ಹಾಳೆಯಾಗಿ ಬಿಡಿಸಿ ಒಣಗಿಸಿದೆ. ಜೆಲ್ ಪೆನ್ನಿನ ಶಾಯಿ ಪೂರಾ ಹರಡಿ ನೀಲಿ ಕಲೆ ಆಗಿತ್ತು. ಪಠ್ಯಪುಸ್ತಕ ಉಬ್ಬಿದ್ದರೂ ಅಚ್ಚು ಅಳಿಸಿರಲಿಲ್ಲ. ಅಂದರೆ ಪ್ರಶ್ನೆ ಇದೆ, ಉತ್ತರ ಇಲ್ಲ. ಆಗಲೇ ಗೊತ್ತಾಗಿದ್ದು, ಆ ಉತ್ತರ ಒಂದೂ ನನ್ನದಾಗಿರಲಿಲ್ಲ, ನಿದ್ದೆಗಣ್ಣಲ್ಲಿ ಬೋರ್ಡು ನೋಡಿ ಇಳಿಸಿಕೊಂಡು ಬಾಯಿಪಾಠ ಮಾಡಿದ್ದೆ ಅಷ್ಟೇ.

ಎರಡನೇ ಲೆಕ್ಕಕ್ಕೇ ನಿಂತೆ. ಅನುಪಾತ. ಭಟ್ರು ಉದ್ದು ತೊಳೆಯುತ್ತಾ ನೋಡಿದರು. "ಮಾಣಿ, ಇಡ್ಲಿಗೆ ಒಂದು ಪಾಲು ಉದ್ದು, ಎರಡು ಪಾಲು ಅಕ್ಕಿ. ಒಟ್ಟು ಒಂಬತ್ತು ಕಿಲೋ ಆಯ್ಕ್. ಉದ್ದು ಎಷ್ಟು, ಹೇಳ್ ಕಾಂಬ?" ಮೂರು ಅಂದೆ. ದಿನಾ ಅಳೆದು ಕೊಡುತ್ತಿದ್ದವನೇ ನಾನು! "ಮತ್ತೆ ಪುಸ್ತಕದಲ್ಲಿ ಎಂತ ಬೇರೆ ಉಂಟಾ?" ಅಂದರು.

ಅಂದಿನಿಂದ ರಾತ್ರಿ ಗಿರಾಕಿಗಳು ಹೋದ ಮೇಲೆ ಮೇಜು ಒರೆಸಿ ಕೂರುತ್ತಿದ್ದೆ. ಒಂದೇ ಲೆಕ್ಕಕ್ಕೆ ಕೆಲವೊಮ್ಮೆ ಮೂರು ದಿನ. ಅಕ್ಟೋಬರ್‌ನಲ್ಲಿ ಪಾಸಾದೆ, ಮಾರ್ಕು ಜಾಸ್ತಿ ಏನಿಲ್ಲ.

ಈಗ ಗಲ್ಲಾದಲ್ಲಿ ಕೂರುತ್ತೇನೆ. ಈ ವರ್ಷ ನಮ್ಮ ಕಟ್ಟಡದ ಒಬ್ಬ ಹುಡುಗ ಫೇಲಾಗಿ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ಎಲ್ಲರೂ ಸಮಾಧಾನ ಹೇಳಿ ಹೋದರು. ನಾನು ಪಕ್ಕದಲ್ಲಿ ಕೂತು, "ಎಲ್ಲಿ ನಿಂತೆ, ಆ ಲೆಕ್ಕ ತೋರಿಸು ಮಗಾ" ಅಂದೆ. ತುಂಬಾ ಹೊತ್ತು ಸುಮ್ನೆ ಇದ್ದ. ಆಮೇಲೆ ಎದ್ದು ಹೋಗಿ ಪುಸ್ತಕ ತಂದ.