ಗೇರುಬೀಜ ಗ್ರೇಡಿಂಗ್: ನೋಡಿದರೂ ಕಾಣದ ಹುಳುಕು

ಮಂಗಳೂರು, ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ಹುಳ ತಿಂದ ತಿರುಳು ಗ್ರೇಡಿಂಗ್ ಮೇಜು ದಾಟಿ ಡಬ್ಬಕ್ಕೆ ಹೋದರೆ ಮೊದಲು ಬರುವ ಪ್ರಶ್ನೆ: "ಕಣ್ಣು ಎಲ್ಲಿತ್ತು ಅಕ್ಕ?" ಕಣ್ಣು ಅಲ್ಲೇ ಇತ್ತು, ಅದಕ್ಕೆ ಹಚ್ಚಿದ ಕೆಲಸ ಬೇರೆ.

ಗಾತ್ರದ ದರ್ಜೆಗಳಲ್ಲಿ ಡಬ್ಲ್ಯು-240 ಎಂದರೆ ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 220ರಿಂದ 240 ಇಡೀ ತಿರುಳು. ಡಬ್ಲ್ಯು-320 ಎಂದರೆ 300ರಿಂದ 320. ಗಾತ್ರವನ್ನೇ ಅಳೆಯುತ್ತಿರುವ ಕಣ್ಣು ಅದೇ ತಿರುಳಿನ ಸೂಜಿಮೊನೆಯಷ್ಟು ತೂತನ್ನು ಬಿಟ್ಟುಬಿಡುತ್ತದೆ. ಅನುಭವ ಇದ್ದರೂ ಇದು ತಪ್ಪುವುದಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶ್ವಾಸಕೋಶದ ಸ್ಕ್ಯಾನಿನಲ್ಲಿ ಗಂಟು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟರಲ್ಲಿ 20 ಮಂದಿಗೆ ಅದರೊಳಗೇ ಸೇರಿಸಿಟ್ಟ ಗೊರಿಲ್ಲಾ ಚಿತ್ರ ಕಾಣಲಿಲ್ಲ. ಹಾಗೆ ಕಾಣದವರಲ್ಲಿ ಹೆಚ್ಚಿನವರ ದೃಷ್ಟಿ ಅದರ ಮೇಲೆಯೇ ಬಿದ್ದಿತ್ತು.

ಹಾಗಾಗಿ ನೋಡುವ ಸುತ್ತುಗಳನ್ನು ಬೇರೆ ಬೇರೆ ಮಾಡಿ. ತಿರುಳನ್ನು ಒಂದೇ ಪದರವಾಗಿ ಹರಡಿ, ಮೊದಲು ಕೂದಲು, ದಾರ, ಹೊರಸಿಪ್ಪೆಯ ಚೂರು ಮಾತ್ರ. ಆಮೇಲೆ ತಿರುಗಿಸಿ ತಿರುಗಿಸಿ ಹುಳುಕು ಮತ್ತು ಅಂಟಿದ ಒಳಸಿಪ್ಪೆ. ಗಾತ್ರ ಕೊನೆಗೆ. ಕಪ್ಪು ಸಿಪ್ಪೆ ಬಿಳಿ ತಿರುಳಿನ ನಡುವೆ ತಾನಾಗಿ ಎದ್ದು ಕಾಣುತ್ತದೆ. "ಸಣ್ಣದೂ ಹೌದು, ತುಸು ಕಂದೂ ಹೌದು" ಎಂದು ಎರಡು ಗುಣ ಕೂಡಿಸಿ ಆರಿಸಲು ಹೊರಟರೆ ಒಂದೊಂದನ್ನೇ ನೋಡಬೇಕು, ವೇಗ ಅಲ್ಲೇ ಸಾಯುತ್ತದೆ. ಒಂದು ದೋಷ ಸಿಕ್ಕಿದ ತಟ್ಟೆಯನ್ನು ಮತ್ತೊಮ್ಮೆ ನೋಡಿಸಿ. ಸಿಕ್ಕಿದ ಕೂಡಲೇ ಹುಡುಕಾಟ ಸಡಿಲವಾಗುತ್ತದೆ.

ಬೆಳಕು ನೆತ್ತಿಯ ಮೇಲಿಂದ ಮಾತ್ರ ಬಿದ್ದರೆ ತೂತಿನ ನೆರಳು ಅಳಿಸಿಹೋಗುತ್ತದೆ. ಪಕ್ಕದಿಂದ ತಗ್ಗಿನಲ್ಲಿ ಇನ್ನೊಂದು ಟ್ಯೂಬ್‌ಲೈಟ್ ಬೇಕು. ಆಟಿಯ ಮಳೆಯಲ್ಲಿ ಕಿಟಕಿಯ ಬೆಳಕನ್ನಂತೂ ನಂಬುವ ಹಾಗಿಲ್ಲ ಮಾರಾಯ್ರೆ.

ಇನ್ನು ಬೇಸರದ ಸಂಗತಿ. 1948ರಲ್ಲೇ ಮನೋವಿಜ್ಞಾನಿ ಮ್ಯಾಕ್‌ವರ್ತ್ ತೋರಿಸಿದ ಹಾಗೆ, ಅಪರೂಪಕ್ಕೆ ಬರುವ ಗುರುತಿಗಾಗಿ ಕಾಯುವವರ ಎಚ್ಚರ ಮೊದಲ ಅರ್ಧ ಗಂಟೆಯಲ್ಲೇ ಇಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಹುಳುಕು ನೋಡುವವರನ್ನು ಗಾತ್ರಕ್ಕೆ, ಅಲ್ಲಿಯವರನ್ನು ಇಲ್ಲಿಗೆ ಬದಲಿಸಿ. ಮಾಲು ಒಳ್ಳೆಯದಿದ್ದ ದಿನವೇ ಹೆಚ್ಚು ಅಪಾಯ. 2005ರ ಪ್ರಯೋಗವೊಂದರಲ್ಲಿ ಹುಡುಕುವ ವಸ್ತು ಅರ್ಧದಷ್ಟು ಸಲ ಇದ್ದಾಗ ತಪ್ಪಿದ್ದು ಸುಮಾರು ಶೇ. 7, ನೂರಕ್ಕೆ ಒಂದು ಸಲ ಮಾತ್ರ ಇದ್ದಾಗ ಶೇ. 30.

ಇದಕ್ಕೆ ಮದ್ದು, ಹುಡುಕುವವರಿಗೆ ಹುಳುಕು ಆಗಾಗ ಸಿಗುವಂತೆ ಹುಳ ತಿಂದ ತಿರುಳನ್ನು ಬೇಕೆಂದೇ ತಟ್ಟೆಗೆ ಬೆರೆಸುವುದು. ತೂತು ಸ್ಪಷ್ಟ ಇರುವುದನ್ನೂ ಕಷ್ಟಪಟ್ಟು ಕಾಣುವುದನ್ನೂ ಸೇರಿಸಿ. ಕೂದಲು, ಕಲ್ಲು ಬೆರೆಸಬೇಡಿ. ಕಳೆದುಹೋದರೆ ನಾವೇ ಡಬ್ಬಕ್ಕೆ ಹಾಕಿದಂತೆ. ಎಷ್ಟು ಹಾಕಿದ್ದು, ಯಾವ ತಟ್ಟೆಗೆ ಎಂದು ಬರೆದಿಡಿ. ಲೆಕ್ಕ ತಾಳೆಯಾಗುವವರೆಗೆ ಆ ತಟ್ಟೆಯ ಮಾಲನ್ನು ಪ್ಯಾಕಿಂಗಿಗೆ ಬಿಡಬೇಡಿ.