ಅಂಜೂರದ ಮಾರ್ಷ್‌ಮ್ಯಾಲೋ: ಐದನೇ ಟ್ರೇ ಕೊನೆಗೂ ನಿಂತಿತು

ನಿಂತಿತು! ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮೆಲ್ಲಗೆ ಮೇಲೇಳುತ್ತದೆ. ಕತ್ತರಿಸಿದ ಕಡೆ ಅಂಜೂರದ ಸಣ್ಣ ಬೀಜಗಳು ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ. ಇದಕ್ಕೆ ಮುಂಚಿನ ಮೂರು ಟ್ರೇ ಅಂಬಲಿಯಾಗಿದ್ದವು.

ಮಾರ್ಷ್‌ಮ್ಯಾಲೋ ಅಂದರೆ ಸ್ಪಂಜಿನಂಥ ಮೆತ್ತನೆ ಮಿಠಾಯಿ: ಹಣ್ಣಿನ ತಿರುಳಲ್ಲಿ ಜೆಲಟಿನ್ (ಜೆಲ್ಲಿ ಗಟ್ಟಿಯಾಗಿಸುವ ಪುಡಿ) ನೆನೆಸಿ, ಬಿಸಿ ಸಕ್ಕರೆ ಪಾಕ ಸುರಿದು, ಉಬ್ಬುವ ತನಕ ಬೀಟರಲ್ಲಿ ಕಡೆದು, ಟ್ರೇಗೆ ಹಾಕಿ ಗಟ್ಟಿಯಾಗಲು ಬಿಡುವುದು. ನನ್ನ ಅಳತೆ: ಸಕ್ಕರೆ 300 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 120, ಜೆಲಟಿನ್ 20, ಹಣ್ಣಿನ ತಿರುಳು 150. ಪಾಕ 116 ಡಿಗ್ರಿ.

ಮೊದಲ ಸಲ ಒಣ ಅಂಜೂರ ಕುದಿಸಿ ರುಬ್ಬಿದ್ದೆ. ಚೆನ್ನಾಗೇ ಬಂತು. ಆಮೇಲೆ ಜಂಬ ಬಂತು. ಅಂಜೂರ ಬೆಳೆಯುವ ಬಳ್ಳಾರಿಯಲ್ಲೇ ಕೂತು ಒಣ ಅಂಜೂರ ಯಾಕೆ ಅಂತ ತಾಜಾ ಹಣ್ಣು ಒಂದು ಕೇಜಿ ತಂದೆ. ರುಚಿ ಕೆಡಬಾರದು ಅಂತ ಹಸಿದೇ ಮಿಕ್ಸಿಗೆ ಹಾಕಿ, ಜೆಲಟಿನ್ನನ್ನು ಅದರಲ್ಲೇ ನೆನೆಸಿದೆ. ಬೀಟರ್ ಹಿಡಿದರೆ ಸ್ವಲ್ಪ ಉಬ್ಬಿತು, ಆಮೇಲೆ ಸೋತು ಕೂತಿತು. ಬೆಳಿಗ್ಗೆ ನೋಡಿದರೆ ಟ್ರೇ ಓರೆ ಮಾಡಿದ ಕಡೆಗೆಲ್ಲ ಹರಿಯುತ್ತಿದೆ.

ಮೊದಲ ಅನುಮಾನ ಅಂಗಡಿಯವನ ಮೇಲೆ. ಜೆಲಟಿನ್ನನ್ನು ಚೀಟಿಯೇ ಇಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟಿದ್ದ. ಬ್ಲೂಮ್ (ಜೆಲಟಿನ್ ಎಷ್ಟು ಗಟ್ಟಿ ಹಿಡಿಯುತ್ತದೆ ಅನ್ನುವ ಅಳತೆ) ಎಷ್ಟು ಅಂತ ಕೇಳಿದರೆ, "ಹೂವಿನ ಅಂಗಡಿ ಆ ಕಡೆ ಐತ್ರಿ" ಅಂದ. ಸಿಟ್ಟಲ್ಲಿ ಮುಂದಿನ ಟ್ರೇಗೆ 28 ಗ್ರಾಂ ಸುರಿದೆ. ಮತ್ತೆ ಅಂಬಲಿ. ಆಮೇಲೆ ಅನುಮಾನ ನಮ್ಮೂರ ಬಿಸಿಲಿನ ಮೇಲೆ. ನಾಲ್ಕನೇ ಟ್ರೇಯನ್ನು ರಾತ್ರಿಯಿಡೀ ಫ್ರಿಜ್ಜಲ್ಲಿಟ್ಟೆ. ತಣ್ಣಗಿನ ಅಂಬಲಿ.

ಗಂಟು ಬಿಚ್ಚಿದ್ದು ಪಕ್ಕದ ಮನೆ ಅಕ್ಕ. ಹಣ್ಣಿನ ತೊಟ್ಟು ಕಿತ್ತು ಕಿತ್ತು ನನ್ನ ಬೆರಳ ತುದಿಯೆಲ್ಲ ಉರಿಯುತ್ತಿತ್ತು. ಅದನ್ನು ನೋಡಿ, "ಹಾಲು ತಾಗೈತಿ. ಪಪ್ಪಾಯಿಕಾಯಿ ಹಾಲೂ ಹಿಂಗ ಉರಿತೈತಿ. ಮಟನ್ ಮೆತ್ತಗಾಗ್ಲಿ ಅಂತ ಹಚ್ತೀವಲ್ಲ ಅದು" ಅಂದರು.

ಮಟನ್! ಜೆಲಟಿನ್ ಅಂದರೆ ಚರ್ಮ, ಎಲುಬಿನಿಂದ ತೆಗೆದ ಪ್ರೋಟೀನು. ಪಪ್ಪಾಯಿಯ ಪಪೈನ್ ಅನ್ನುವ ಕಿಣ್ವ (ಪ್ರೋಟೀನನ್ನು ಕತ್ತರಿಸುವಂಥದ್ದು) ಮಾಂಸವನ್ನು ಮೆತ್ತಗೆ ಮಾಡುವ ಹಾಗೆ ಅಂಜೂರದ ಹಾಲಿನ ಫಿಸಿನ್ ಅನ್ನುವ ಕಿಣ್ವ ನನ್ನ ಜೆಲಟಿನ್ನನ್ನು ತುಂಡು ತುಂಡು ಮಾಡುತ್ತಿತ್ತು. ಅನಾನಸ್, ಕಿವಿ ಹಣ್ಣಿಗೂ ಇದೇ ಚಾಳಿ. ಬಿಸಿ ಪಾಕ ಬೀಳುವಷ್ಟರಲ್ಲಿ, ನೆನೆಯುವಾಗಲೇ ಕೆಲಸ ಮುಗಿದಿರುತ್ತಿತ್ತು. ಒಣ ಹಣ್ಣು ಬಚಾವಾಗಿದ್ದು ನನ್ನ ಜಾಣತನದಿಂದಲ್ಲ, ಸುಮ್ನೆ ಮೆತ್ತಗಾಗಲಿ ಅಂತ ಕುದಿಸಿದ್ದರಿಂದ. ಕುದಿಸಿದರೆ ಕಿಣ್ವ ಕೆಟ್ಟು ಸುಮ್ಮನಾಗುತ್ತದೆ.

ಆದರೂ ಕಣ್ಣಾರೆ ನೋಡಬೇಕಲ್ವಾ? ಮೂರು ಸ್ಟೀಲ್ ಬಟ್ಟಲಲ್ಲಿ ಬರೀ ಜೆಲಟಿನ್ ಜೆಲ್ಲಿ ಮಾಡಿದೆ. ಒಂದನ್ನು ಹಾಗೇ ಬಿಟ್ಟೆ, ಒಂದರ ಮೇಲೆ ಹಸಿ ಅಂಜೂರದ ಹೋಳು, ಇನ್ನೊಂದರ ಮೇಲೆ ಕುದಿಸಿದ ಹೋಳು. ಬೆಳಿಗ್ಗೆ ಹಸಿ ಹೋಳು ಜೆಲ್ಲಿಯಲ್ಲಿ ಗುಂಡಿ ತೋಡಿಕೊಂಡು ನೀರಲ್ಲಿ ಕೂತಿತ್ತು. ಕುದಿಸಿದ ಹೋಳು ಇಟ್ಟ ಜಾಗದಲ್ಲೇ ಇತ್ತು.

ಐದನೇ ಟ್ರೇಗೆ ತಿರುಳನ್ನು ಐದು ನಿಮಿಷ ಗುಳುಗುಳು ಕುದಿಸಿದೆ. ಆರಿದ ಮೇಲೆ ತೂಕ ನೋಡಿ, ಕಮ್ಮಿಯಾದಷ್ಟು ನೀರು ಸೇರಿಸಿ, ಆಮೇಲೆ ಜೆಲಟಿನ್ ನೆನೆಸಿದೆ. ಹನ್ನೊಂದು ನಿಮಿಷಕ್ಕೆ ಬೀಟರ್ ಎತ್ತಿದರೆ ರಿಬ್ಬನ್ ಹಾಗೆ ಇಳಿಯಿತು. ಕುದಿಸಿದ್ದಕ್ಕೆ ಬಣ್ಣ ಸ್ವಲ್ಪ ಮಂಕಾಯಿತು, ನಿಜ. ಕೊನೆಗೆ ಹಿಂಡಿದ ಅರ್ಧ ನಿಂಬೆಹಣ್ಣು ರುಚಿಯನ್ನು ಎತ್ತಿತು.

ಅವ್ವ ಮಾತ್ರ ಮುಟ್ಟಲಿಲ್ಲ. "ಎಲುಬಿಂದಲ್ಲೇನು ಅದು?" ಅಂತ ದೂರ ಸರಿಸಿದಳು. ಅದಕ್ಕೇ ಮುಂದಿನದು ಪೇರಲ ಹಣ್ಣು, ಚೀನಾ ಗ್ರಾಸ್. ರಷ್ಯಾದವರು ಸೇಬಿನಲ್ಲಿ ಮಾಡುವ ಝೆಫಿರ್ ಅನ್ನುವ ನೊರೆನೊರೆ ಮಿಠಾಯಿ ಥರ. ಪೇರಲದಲ್ಲಿ ಪೆಕ್ಟಿನ್, ಅಂದರೆ ಜಾಮನ್ನು ಗಟ್ಟಿ ಮಾಡುವ ಅಂಶ, ಜಾಸ್ತಿ. ಚೀನಾ ಗ್ರಾಸ್ ಪ್ರೋಟೀನಲ್ಲ, ಕಡಲ ಪಾಚಿಯದು, ಹಾಗಾಗಿ ಈ ಕಿಣ್ವಗಳ ಕಾಟವಿಲ್ಲ. ಗಟ್ಟಿಯಾದ ಮೇಲೆ 80 ಡಿಗ್ರಿ ದಾಟುವ ತನಕ ಕರಗುವುದೂ ಇಲ್ಲ, ಬಳ್ಳಾರಿ ಬಿಸಿಲಿಗೆ ಹೇಳಿ ಮಾಡಿಸಿದ್ದು. ಆದರೆ ಝೆಫಿರ್‌ಗೆ ಮೊಟ್ಟೆಯ ಬಿಳಿ ಬೇಕು. ಅದನ್ನೂ ಅವ್ವ ತಿನ್ನಲ್ಲ. ಕಾಬೂಲಿ ಕಡಲೆ ಬೇಯಿಸಿದ ನೀರನ್ನು ಕಡೆದರೆ ಅದೇ ಥರ ನೊರೆ ಬರುತ್ತದೆ. ಇವತ್ತು ರಾತ್ರಿ ಕಡಲೆ ನೆನೆಹಾಕಿದ್ದೇನೆ. ಮೂರು ಟ್ರೇ ಅಂಬಲಿ ಇನ್ನೂ ಫ್ರಿಜ್ಜಲ್ಲಿದೆ. ತಮ್ಮ ದಿನಾ ಚಪಾತಿಗೆ ಹಚ್ಚಿಕೊಂಡು ತಿನ್ನುತ್ತಿದ್ದಾನೆ, ಇದೇ ಚೆನ್ನಾಗಿತ್ತು ಅನ್ನುತ್ತಾನೆ.