ಸಾರಟೋಗಾದಲ್ಲಿ ಒಂದು ಎಡಗಾಲು

ಅಮೆರಿಕದ ಆಲ್ಬನಿ ನಗರದಲ್ಲಿರುವ ಮಗನ ಮನೆಯಲ್ಲಿ ಕಳೆದ ಆರು ವಾರಗಳಲ್ಲಿ ಬರೆದಿಡುವಂಥದ್ದು ಹೆಚ್ಚೇನೂ ನಡೆಯಲಿಲ್ಲ. ನಯಾಗರಾವನ್ನು ನನಗಿಂತ ಚೆನ್ನಾಗಿ ಬಣ್ಣಿಸಿದವರು ಬೇಕಾದಷ್ಟು ಜನರಿದ್ದಾರೆ. ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಬೀಗರ ಜೊತೆ ನಿಂತು ನೋಡಿದ ಒಂದು ಕಲ್ಲು ಮಾತ್ರ ಊರಿಗೆ ಮರಳಿದ ಮೇಲೂ ಮನಸ್ಸಿನಿಂದ ಕದಲಿಲ್ಲ.

ಮೊದಲು ದಾರಿ ತಪ್ಪಿದ ಸಂಗತಿಯನ್ನು ಹೇಳಿಬಿಡುತ್ತೇನೆ. ಕಾರಿನ ನಕ್ಷೆಗೆ ‘ಸಾರಟೋಗಾ’ ಎಂದಷ್ಟೇ ಹೇಳಿದ್ದರಿಂದ ಅದು ನಮ್ಮನ್ನು ಕುದುರೆ ಪಂದ್ಯಕ್ಕೂ ಖನಿಜ ಬುಗ್ಗೆಗಳಿಗೂ ಹೆಸರಾದ ಸಾರಟೋಗಾ ಸ್ಪ್ರಿಂಗ್ಸ್ ಊರಿಗೆ ಒಯ್ದು ಬಿಟ್ಟಿತು. ಅಲ್ಲಿಯ ಬುಗ್ಗೆಯ ನೀರು ತುಕ್ಕು ಹಿಡಿದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರಿನ ಹಾಗಿತ್ತು. ಅಮೆರಿಕನ್ನರು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರೊಡನೆ ಕಾದಾಡಿದ 1777ರ ಯುದ್ಧಭೂಮಿ ಇರುವುದು ಹಡ್ಸನ್ ನದಿಯ ಬದಿಯ ಸ್ಟಿಲ್‌ವಾಟರ್‌ನಲ್ಲಿ. ಹೋಗುವವರು ಆ ಹೆಸರನ್ನೇ ಹೇಳಬೇಕು. ಯುದ್ಧಭೂಮಿಯೊಳಗಿನ ಸುಮಾರು ಹತ್ತು ಮೈಲಿಯ ರಸ್ತೆ ಏಕಮುಖವಾದದ್ದು. ನಮಗೆ ಬೇಕಾಗಿದ್ದ ಏಳನೆಯ ನಿಲುಗಡೆಯನ್ನು ಮಾತಿನ ಭರದಲ್ಲಿ ದಾಟಿಬಿಟ್ಟ ನಾವು ಮತ್ತೊಮ್ಮೆ ಪೂರ್ತಿ ಸುತ್ತಿ ಬರಬೇಕಾಯಿತು.

ಆ ನಿಲುಗಡೆಯಲ್ಲಿ ಇರುವುದು ಒಂದು ಬೂಟಿನ ಸ್ಮಾರಕ. ಬಿಳಿಯ ಕಲ್ಲಿನ ಮೇಲೆ ಫಿರಂಗಿಯ ನಳಿಗೆ, ಸವಾರನ ಒಂದು ಬೂಟು, ಅಧಿಕಾರಿಯ ಭುಜಪಟ್ಟಿ ಇವಿಷ್ಟನ್ನು ಕೆತ್ತಿದ್ದಾರೆ, ಮುಖವಿಲ್ಲ, ಮೈಯಿಲ್ಲ. ಹಿಂಬದಿಗೆ ಹೋಗಿ ಓದಿದರೆ, ಅಮೆರಿಕದ ಕ್ರಾಂತಿಸೇನೆಯ ಅತ್ಯಂತ ಪ್ರತಿಭಾವಂತ ಯೋಧ ಇಲ್ಲಿ ತೀವ್ರವಾಗಿ ಗಾಯಗೊಂಡು ತನ್ನ ದೇಶದವರಿಗೆ ನಿರ್ಣಾಯಕ ಯುದ್ಧವನ್ನು ಗೆದ್ದುಕೊಟ್ಟನೆಂಬ ಬರಹವಿದೆ. ಆ ಯೋಧ ಯಾರೆಂದು ಮಾತ್ರ ಎಲ್ಲಿಯೂ ಬರೆದಿಲ್ಲ. ಅವನು ಬೆನೆಡಿಕ್ಟ್ ಆರ್ನಾಲ್ಡ್.

1741ರಲ್ಲಿ ಕನೆಕ್ಟಿಕಟ್‌ನಲ್ಲಿ ಹುಟ್ಟಿ, ಔಷಧಿಯನ್ನೂ ಪುಸ್ತಕಗಳನ್ನೂ ಮಾರುತ್ತಿದ್ದ ಈ ಅಂಗಡಿಕಾರ 1775ರಲ್ಲಿ ಟೈಕಾಂಡರೋಗಾ ಕೋಟೆಯ ವಶದಲ್ಲಿ ಪಾಲ್ಗೊಂಡನು; ಅದೇ ವರ್ಷ ಮೇಯ್ನ್‌ನ ಕಾಡುಗಳ ಮೂಲಕ ಸಾವಿರಕ್ಕೂ ಮಿಕ್ಕ ಸೈನಿಕರನ್ನು ಕ್ವಿಬೆಕ್‌ನತ್ತ ನಡೆಸಿ, ಹಸಿವಿನಿಂದಲೂ ಮರಳಿ ಹೋದವರಿಂದಲೂ ಸುಮಾರು ಆರುನೂರಕ್ಕಿಳಿದ ದಂಡಿನೊಡನೆ ಅಲ್ಲಿಗೆ ತಲುಪಿ, ವರ್ಷದ ಕೊನೆಯ ದಿನದ ದಾಳಿಯಲ್ಲಿ ಎಡಗಾಲಿಗೆ ಗುಂಡು ತಿಂದನು. ಇಷ್ಟಾದ ಮೇಲೂ 1777ರ ಫೆಬ್ರವರಿಯಲ್ಲಿ ಅವನಿಗಿಂತ ಕಿರಿಯರಾದ ಐವರಿಗೆ ಬಡ್ತಿ ಸಿಕ್ಕಿತು, ಅವನಿಗೆ ಸಿಗಲಿಲ್ಲ. ಆ ಅಕ್ಟೋಬರ್ 7ರಂದು, ಸೇನಾಪತಿ ಗೇಟ್ಸ್‌ನೊಡನೆ ಜಗಳವಾಡಿ ಅಧಿಕಾರ ಕಳೆದುಕೊಂಡಿದ್ದ ಆರ್ನಾಲ್ಡ್, ಯಾರ ಅಪ್ಪಣೆಗೂ ಕಾಯದೆ ಕುದುರೆ ಏರಿ ರಣರಂಗಕ್ಕೆ ನುಗ್ಗಿದನು. ಬ್ರೇಮನ್ ಎಂಬ ಜರ್ಮನ್ ಅಧಿಕಾರಿ ಕಾಯುತ್ತಿದ್ದ ಮರದ ದಿಮ್ಮಿಗಳ ಕೋಟೆಯನ್ನು ಹೊಕ್ಕಾಗ ಅದೇ ಎಡಗಾಲಿಗೆ ಮತ್ತೆ ಗುಂಡು ಬಿದ್ದಿತು. ಹತ್ತು ದಿನಗಳಲ್ಲಿ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್ ಶರಣಾದನು, ಮುಂದಿನ ಫೆಬ್ರವರಿಯಲ್ಲಿ ಫ್ರಾನ್ಸ್ ಅಮೆರಿಕದ ಕೈಹಿಡಿಯಿತು. ಆರ್ನಾಲ್ಡ್‌ನ ಕಾಲು ಎರಡು ಅಂಗುಲ ಗಿಡ್ಡವಾಗಿಯೇ ಉಳಿಯಿತು.

ನಮ್ಮ ಬೀಗರು ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿ ದುಡಿದು ಸುಬೇದಾರರಾಗಿ ನಿವೃತ್ತರಾದವರು. ನಾನು ಬ್ಯಾಂಕಿನ ಕುರ್ಚಿ ಸವೆಸಿದವನು. ಬಡ್ತಿ ತಪ್ಪಿದ ನೋವನ್ನು ಬಲ್ಲ ನಾನು ಸಹಜವಾಗಿಯೇ ಆರ್ನಾಲ್ಡ್‌ನ ವಕಾಲತ್ತು ವಹಿಸಿದೆ.

“ಬಡ್ತಿ ತಪ್ಪಿದವರೆಲ್ಲ ಕೋಟೆ ಮಾರುತ್ತಾ ಹೋಗಿದ್ದರೆ ನಮ್ಮ ಗಡಿಯಲ್ಲಿ ಒಂದು ಠಾಣೆಯೂ ಉಳಿಯುತ್ತಿರಲಿಲ್ಲ ರಾಯರೇ,” ಎಂದರು ಬೀಗರು.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇದೇ ಹಡ್ಸನ್ ನದಿಯ ಕೆಳದಂಡೆಯ ವೆಸ್ಟ್ ಪಾಯಿಂಟ್ ಕೋಟೆಯ ಅಧಿಕಾರವನ್ನು 1780ರಲ್ಲಿ ಕೇಳಿ ಪಡೆದು, ಅದನ್ನು ಬ್ರಿಟಿಷರಿಗೆ ಒಪ್ಪಿಸಲು ಇಪ್ಪತ್ತು ಸಾವಿರ ಪೌಂಡಿನ ಬೆಲೆ ಕಟ್ಟಿದವನು ಅವನು. ಮಧ್ಯವರ್ತಿಯಾಗಿದ್ದ ಬ್ರಿಟಿಷ್ ಮೇಜರ್ ಆಂಡ್ರೆ ಕಾಗದಗಳ ಸಮೇತ ಸಿಕ್ಕಿಬಿದ್ದು ನೇಣಿಗೇರಿದನು, ಆರ್ನಾಲ್ಡ್ ಬ್ರಿಟಿಷ್ ಹಡಗು ಹತ್ತಿ ಪಾರಾದನು. ಮರುವರ್ಷ ಶತ್ರುಗಳ ಸಮವಸ್ತ್ರ ತೊಟ್ಟು, ತಾನು ಹುಟ್ಟಿದ ಊರಿನ ಹತ್ತಿರದ ನ್ಯೂ ಲಂಡನ್ ಪಟ್ಟಣವನ್ನೇ ಸುಟ್ಟನು. (ಅದೇ ವರ್ಷ ವರ್ಜೀನಿಯಾದಲ್ಲಿ ಅವನ ದಂಡಿನ ಮುಂದಾಳುತನ ವಹಿಸಿಕೊಂಡ ಕಾರ್ನ್‌ವಾಲಿಸ್‌ನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡವನು, ಮಂಡ್ಯದವನಾದ ನನಗೆ ಈ ಹೆಸರು ಅಲ್ಲಿ ಎದುರಾದದ್ದು ವಿಚಿತ್ರವೆನಿಸಿತು.)

“ಹಾಗಾದರೆ ಹೆಸರು ಕೆತ್ತದಿರುವುದೇ ಸರಿಯಲ್ಲವೇ?” ಎಂದು ಕೇಳಿದೆ. ಬೀಗರು ಒಪ್ಪಲಿಲ್ಲ. “ಸರಿಯಲ್ಲ. ಸೈನ್ಯದ ದಾಖಲೆಯಲ್ಲಿ ಪದಕವನ್ನೂ ಬರೆಯುತ್ತೇವೆ, ತಪ್ಪು ಮಾಡಿದರೆ ಕೆಂಪು ಶಾಯಿಯಲ್ಲಿ ಅದನ್ನೂ ಬರೆಯುತ್ತೇವೆ. ಎರಡೂ ಒಬ್ಬನದೇ ಹೆಸರಿನ ಕೆಳಗೆ. ಇವರು ಪದಕವನ್ನು ಕಾಲಿಗೆ ಕೊಟ್ಟು, ಕೆಂಪು ಶಾಯಿಯನ್ನು ಹೆಸರಿಗೆ ಬಳಿದಿದ್ದಾರೆ.”

ಅಷ್ಟು ಹೊತ್ತು ಸುಮ್ಮನಿದ್ದ ಸೊಸೆ, ಇಲ್ಲಿ ಯಾರನ್ನಾದರೂ ದ್ರೋಹಿ ಎಂದು ಜರೆಯಬೇಕಾದರೆ ಇಂದಿಗೂ ಬೆನೆಡಿಕ್ಟ್ ಆರ್ನಾಲ್ಡ್ ಎನ್ನುತ್ತಾರೆ ಎಂದಳು. ನಮ್ಮ ಮೀರ್ ಸಾದಿಕ್ ಇದ್ದ ಹಾಗೆ. “ನೋಡಿದಿರಾ,” ಎಂದರು ಬೀಗರು, “ಬೈಯುವುದಕ್ಕೆ ಹೆಸರು ಬೇಕು, ಹೊಗಳುವುದಕ್ಕೆ ಬೇಡ.”

ನನಗೂ ಆ ಕಲ್ಲು ಹಿಡಿಸಲಿಲ್ಲ, ಆದರೆ ಕಾರಣ ಬೇರೆ. 1887ರಲ್ಲಿ ಇದನ್ನು ನಿಲ್ಲಿಸಿದ ಜಾನ್ ವಾಟ್ಸ್ ಡಿ ಪೈಸ್ಟರ್, ಈ ಗೆಲುವಿನಿಂದ ಯೋಧನಿಗೆ ಮೇಜರ್ ಜನರಲ್ ಪದವಿ ದೊರೆಯಿತೆಂದು ಬರೆಸಿದ್ದಾನೆ. ಆ ಪದವಿ ಅದೇ ವರ್ಷದ ಮೇ ತಿಂಗಳಲ್ಲಿಯೇ ಬಂದಿತ್ತು. ಹೆಸರನ್ನು ಬಿಡುವಷ್ಟು ಎಚ್ಚರ ವಹಿಸಿದವರು ಉಳಿದ ಸಂಗತಿಯನ್ನಾದರೂ ಸರಿಯಾಗಿ ಬರೆಸಬಹುದಿತ್ತು.

ಸಂಜೆ ಬರ್ಗಾಯ್ನ್ ಶರಣಾದ ಸ್ಥಳದ ಸಮೀಪದ, 155 ಅಡಿ ಎತ್ತರದ ಸಾರಟೋಗಾ ಸ್ಮಾರಕಸ್ತಂಭಕ್ಕೆ ಹೋದೆವು. ಹೊತ್ತು ಮೀರಿದ್ದರಿಂದ ಒಳಗಿನ 188 ಮೆಟ್ಟಿಲುಗಳನ್ನು ಹತ್ತುವ ಕಷ್ಟ ತಪ್ಪಿತು. ಅದರ ನಾಲ್ಕು ಬದಿಗಳಲ್ಲಿ ನಾಲ್ಕು ಗೂಡುಗಳಿವೆ. ಮೂರರಲ್ಲಿ ಗೇಟ್ಸ್, ಸ್ಕೈಲರ್, ಮಾರ್ಗನ್ ಎಂಬ ಸೇನಾನಿಗಳ ಪ್ರತಿಮೆಗಳು. ನಾಲ್ಕನೆಯದು ಆರ್ನಾಲ್ಡ್‌ನದು, ಬರಿದಾಗಿದೆ. ಬೂಟಿನ ಜಾಣತನಕ್ಕಿಂತ ಈ ಬರಿದು ಗೂಡೇ ನನಗೆ ಹೆಚ್ಚು ಪ್ರಾಮಾಣಿಕವೆನಿಸಿತು, ಏಕೆಂದರೆ ಅಲ್ಲಿ ಇರಬೇಕಾಗಿದ್ದವನು ಯಾರೆಂದು ನೋಡಿದವರು ಕೇಳಲೇಬೇಕಾಗುತ್ತದೆ.

ಬೀಗರು ಸ್ತಂಭವನ್ನು ಒಂದು ಸುತ್ತು ಬಂದು, ಗೇಟ್ಸ್ ಆ ದಿನ ಯಾವ ಕಡೆಯಿಂದ ದಾಳಿ ನಡೆಸಿದನೆಂದು ವಿಚಾರಿಸಿದರು. ಅವನು ಯುದ್ಧ ಮುಗಿಯುವವರೆಗೂ ಶಿಬಿರ ಬಿಟ್ಟು ಕದಲಿರಲಿಲ್ಲವೆಂದು ಹೇಳಿದೆ.

“ಹಾಗಿದ್ದರೆ ಎರಡು ಗೂಡು ಖಾಲಿ ಇರಬೇಕಿತ್ತು,” ಎಂದು ಹೇಳಿ ಅವರು ಕಾರಿನತ್ತ ನಡೆದರು.